ಪರರ ಧರ್ಮಸ್ವಾತಂತ್ರ್ಯದ ರಕ್ಷಣೆ: ಕ್ರೈಸ್ತ ವಿಚಾರವೂ ಶ್ರಾವಕಧರ್ಮವೂ

ಕಡೂರಿನ ಶಿಲಾಶಾಸನಗಳಲ್ಲಿ ಕ್ರಿ.ಶ. 971ರ ಒಂದು ಶಾಸನವು ಜೈನ ಸಮಾಜದವರೆಲ್ಲರೂ ಅರಿತಿರಬೇಕಾದದ್ದು. ಗಂಗ ಅರಸ ಬೂತುಗನ ಅಕ್ಕನಾದ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷಗಳ ಕಾಲ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸುತ್ತಲೇ ದೇಹವನ್ನು ಬಿಟ್ಟಳೆಂಬುದು ಅದರ ಸಾರ. ರಾಜವಂಶದಲ್ಲಿ ಹುಟ್ಟಿದವಳಿಗೆ ಸುಖಭೋಗಗಳೇನೂ ಕಡಿಮೆಯಿರಲಾರದು. ಅವುಗಳನ್ನು ತೊರೆದು ಕಠಿಣವಾದ ದಾರಿಯನ್ನು ಹಿಡಿದ ಒಂದು ಆತ್ಮದ ವೃತ್ತಾಂತವನ್ನು ಆ ಕಲ್ಲು ಸಾವಿರ ವರ್ಷಗಳಿಂದಲೂ ಹೇಳುತ್ತಿದೆ.

ಈ ಶಾಸನವನ್ನು ಸಂಪಾದಿಸಿ ಪ್ರಕಟಿಸಿದವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಆರನೆಯ ಸಂಪುಟವು 1901ರಲ್ಲಿ ಹೊರಬಂದಿತು. ಕಡೂರು, ತರೀಕೆರೆ ಮೊದಲಾದ ತಾಲ್ಲೂಕುಗಳನ್ನೊಳಗೊಂಡಿದ್ದ ಅಂದಿನ ಕಡೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಅಂದು ತರೀಕೆರೆಗೆ ಸೇರಿದ್ದ ಅಜ್ಜಂಪುರವು ಈಗ ತಾನೇ ಒಂದು ತಾಲ್ಲೂಕಾಗಿದೆ. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ರೈಸ್ ಅವರು ಅದಕ್ಕೂ ಮೊದಲೇ, 1889ರಲ್ಲಿ, ಪ್ರಕಟಿಸಿದ್ದರು. ಜೈನಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿಕೊಟ್ಟ ಕಿಟ್ಟೆಲ್ ಅವರಾದರೋ ಬಾಸೆಲ್ ಮಿಷನ್ನಿನವರು, ಕ್ರೈಸ್ತಧರ್ಮದ ಪ್ರಚಾರಕ್ಕೆಂದೇ ಈ ದೇಶಕ್ಕೆ ಬಂದವರು.

ಈ ಉಪಕಾರವನ್ನು ಸ್ಮರಿಸುವುದು ಯುಕ್ತವೇ ಆಗಿದೆ. ಆದರೆ ಉಪಕಾರಸ್ಮರಣೆಯೊಂದರಿಂದಲೇ ಯಾರ ಹಕ್ಕೂ ಸಿದ್ಧವಾಗುವುದಿಲ್ಲ. ನಮಗೆ ಉಪಕಾರ ಮಾಡಿದವರಿಗೆ ಮಾತ್ರ ಸ್ವಾತಂತ್ರ್ಯ ಎನ್ನುವುದಾದರೆ ಅದು ವ್ಯಾಪಾರವಾದೀತೇ ಹೊರತು ಧರ್ಮವಾಗದು. ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯೇ ಬೇರೆ: ತಾನು ಒಪ್ಪದ, ತನ್ನ ದೃಷ್ಟಿಯಲ್ಲಿ ಅಪೂರ್ಣವಾದ ಒಂದು ಮತವನ್ನು ಇನ್ನೊಬ್ಬನು ಆಚರಿಸುವುದಕ್ಕೂ ಸಾರುವುದಕ್ಕೂ ಇರುವ ಸ್ವಾತಂತ್ರ್ಯವನ್ನು ಶ್ರಾವಕನಾದವನು ಕಾಪಾಡಬೇಕೆ? ಕಾಪಾಡಿದರೆ ಅವನ ಸಮ್ಯಕ್ತ್ವಕ್ಕೆ ದೋಷ ತಟ್ಟುವುದೆ?

ಒಂದು ಸಂದರ್ಭ

ಪ್ರಶ್ನೆಯನ್ನು ಗ್ರಂಥಗಳಲ್ಲಿಯೇ ಬಿಡದೆ ಅಂಗಡಿಬೀದಿಗೆ ತಂದು ನೋಡುವುದು ಒಳ್ಳೆಯದು. ತರೀಕೆರೆಯಂಥ ಊರಿನಲ್ಲಿ ಅಡಿಕೆ, ಕೊಬ್ಬರಿಗಳ ವ್ಯಾಪಾರ ಮಾಡಿಕೊಂಡಿರುವ ಒಬ್ಬ ಶ್ರಾವಕನಿದ್ದಾನೆಂದು ಭಾವಿಸಬಹುದು. ಅವನ ಅಂಗಡಿಯ ಮಹಡಿಯ ಮೇಲಿನ ಕೊಠಡಿ ಖಾಲಿಯಾಗಿದೆ. ಹದಿನೈದು ಇಪ್ಪತ್ತು ಜನರಿರುವ ಕ್ರೈಸ್ತರ ಒಂದು ಚಿಕ್ಕ ಗುಂಪು ಭಾನುವಾರದ ಪ್ರಾರ್ಥನೆಗಾಗಿ ಅದನ್ನು ಬಾಡಿಗೆಗೆ ಕೇಳುತ್ತದೆ. ಕೇಳಲು ಬಂದವರು ಬಡವರು. ಕೂಲಿ ಮಾಡುವವರು, ಗಾರೆ ಕೆಲಸದವರು, ಆಸ್ಪತ್ರೆಯಲ್ಲಿ ದಾದಿಯಾಗಿರುವ ಒಬ್ಬ ಹೆಣ್ಣುಮಗಳು. ಎರಡು ದಿನ ಕಳೆಯುವಷ್ಟರಲ್ಲಿ ಬೀದಿಯ ಹತ್ತಾರು ಜನ ಒಂದು ಮನವಿಪತ್ರವನ್ನು ಹಿಡಿದು ಅಂಗಡಿಗೆ ಬರುತ್ತಾರೆ. “ಸಾಹುಕಾರರೇ, ಇವರಿಗೆ ಜಾಗ ಕೊಡಬೇಡಿ. ಊರಿನಲ್ಲಿ ಎಲ್ಲಿಯೂ ಇವರು ಸಭೆ ಸೇರದಂತೆ ಅರ್ಜಿ ಕೊಡುತ್ತಿದ್ದೇವೆ. ನೀವೂ ಒಂದು ರುಜು ಹಾಕಿ” ಎನ್ನುತ್ತಾರೆ. ಬಂದವರೆಲ್ಲ ಪರಿಚಿತರು, ನಿತ್ಯದ ಗಿರಾಕಿಗಳು. ರುಜು ಹಾಕಿದರೆ ಏನೂ ಖರ್ಚಿಲ್ಲ. ಹಾಕದಿದ್ದರೆ ನಾಳೆಯ ವ್ಯಾಪಾರದ ಗತಿಯೇನೆಂಬ ಚಿಂತೆ.

ಈ ಸಂದರ್ಭವು ಕಲ್ಪಿತವಾದರೂ ಇದರೊಳಗಿನ ಸಂಕಟವು ಕಲ್ಪಿತವಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮೊದಲಾದ ಕಡೆಗಳಲ್ಲಿ ಇಗರ್ಜಿಗಳ ಮೇಲೂ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಗಳು ನಡೆದವು. ಅವುಗಳ ವಿಚಾರಣೆಗೆ ಸರ್ಕಾರವು ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಅವರ ಆಯೋಗವನ್ನು ನೇಮಿಸಬೇಕಾಯಿತು. ಅದರ ಅಂತಿಮ ವರದಿ ಬಂದದ್ದು 2011ರಲ್ಲಿ. ಇಂತಹ ಕೃತ್ಯಗಳಲ್ಲಿ ಶ್ರಾವಕರು ಪಾಲ್ಗೊಳ್ಳುವವರಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಹಿಂಸೆಯನ್ನು ಮನ, ವಚನ, ಕಾಯಗಳೆಂದು ಮೂರಾಗಿಯೂ, ಕೃತ, ಕಾರಿತ, ಅನುಮೋದನೆಗಳೆಂದು ಮತ್ತೆ ಮೂರಾಗಿಯೂ ವಿಂಗಡಿಸಿರುವ ಧರ್ಮದಲ್ಲಿ, ಕಲ್ಲೆಸೆಯದ ಕೈಯೊಂದೇ ನಿರ್ದೋಷಕ್ಕೆ ಸಾಕ್ಷಿಯಾಗಲಾರದು. ಒಂದು ರುಜುವೂ ಅನುಮೋದನೆಯೇ. ಕೆಲವು ಸಂದರ್ಭಗಳಲ್ಲಿ ಮೌನವೂ ಅನುಮೋದನೆಯೇ.

ಕ್ರೈಸ್ತರು ಕಲಿತ ಪಾಠ

ಧರ್ಮಸ್ವಾತಂತ್ರ್ಯದ ವಿಷಯದಲ್ಲಿ ಕ್ರೈಸ್ತರ ಇತಿಹಾಸವು ಎರಡು ಮುಖಗಳುಳ್ಳದ್ದು. ರೋಮ್ ಸಾಮ್ರಾಜ್ಯದಲ್ಲಿ ಅವರು ಅಲ್ಪಸಂಖ್ಯಾತರಾಗಿ ಪೀಡೆಯನ್ನನುಭವಿಸುತ್ತಿದ್ದಾಗ, ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲಿಯನ್ ಎಂಬ ವಿದ್ವಾಂಸನು ಕ್ರಿ.ಶ. 212ರ ಸುಮಾರಿಗೆ ಅಲ್ಲಿನ ಪ್ರಾಂತಾಧಿಕಾರಿಗೆ ಒಂದು ಪತ್ರ ಬರೆದನು. ಬಲವಂತದಿಂದ ಮಾಡಿಸುವ ಪೂಜೆ ಪೂಜೆಯೇ ಅಲ್ಲವೆಂದೂ, ತನ್ನ ಮನಸ್ಸಿಗೆ ತಿಳಿದಂತೆ ಆರಾಧಿಸುವುದು ಪ್ರತಿಯೊಬ್ಬ ಮನುಷ್ಯನಿಗೂ ಸಹಜವಾದ ಅಧಿಕಾರವೆಂದೂ ಅವನ ವಾದ. ಆದರೆ 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್‌ನ ಶಾಸನದಿಂದ ಕ್ರೈಸ್ತಮತವೇ ರಾಜಧರ್ಮವಾದ ಮೇಲೆ ಆ ವಾದವು ಬಹುಕಾಲ ಮರೆತುಹೋಯಿತು. ನಿನ್ನೆ ಪೀಡೆಗೊಳಗಾಗಿದ್ದವರ ಕೈಯಲ್ಲಿಯೇ ದಂಡ ಬಂದಿತು. ಈ ಕಥೆಯ ಒಂದು ಅಧ್ಯಾಯವನ್ನು ಕನ್ನಡನಾಡಿನ ನೆರೆಯೂ ಕಂಡಿದೆ. ಪೋರ್ಚುಗೀಸರ ಗೋವೆಯಲ್ಲಿ 1560ರಲ್ಲಿ ಆರಂಭವಾದ ಮತವಿಚಾರಣಾ ನ್ಯಾಯಾಲಯವು, ನಡುವೆ ಕೆಲವು ವರ್ಷ ನಿಂತಿದ್ದುದನ್ನು ಬಿಟ್ಟರೆ, 1812ರವರೆಗೂ ಉಳಿದಿತ್ತು. ಅದರ ಭಯದಿಂದ ಕರಾವಳಿಗೆ ಓಡಿಬಂದವರಲ್ಲಿ ಹಿಂದೂಗಳಂತೆ ಕೊಂಕಣಿ ಕ್ರೈಸ್ತರೂ ಇದ್ದರು. ಅದೇ ಕರಾವಳಿಯ ಕ್ರೈಸ್ತರು 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು.

ಪೀಡಿಸಿದ ನೆನಪು, ಪೀಡೆಗೊಳಗಾದ ನೆನಪು ಎರಡೂ ಉಳ್ಳ ಸಮಾಜದೊಳಗಿನಿಂದಲೇ ಸ್ವಾತಂತ್ರ್ಯದ ಗಂಭೀರವಾದ ಚಿಂತನೆ ಹುಟ್ಟಿತೆಂಬುದು ಗಮನಾರ್ಹ. 1553ರಲ್ಲಿ ಜಿನೀವಾ ನಗರದಲ್ಲಿ ಸರ್ವೇತಸ್ ಎಂಬ ವೈದ್ಯನನ್ನು ಅವನ ಅಭಿಪ್ರಾಯಗಳಿಗಾಗಿ ಜೀವಂತವಾಗಿ ಸುಟ್ಟರು. ಮರುವರ್ಷವೇ ಬಾಸೆಲ್ ನಗರದ ಕಾಸ್ಟೆಲಿಯೊ ಎಂಬ ಪಂಡಿತನು ಇದನ್ನು ಖಂಡಿಸುವ ಗ್ರಂಥವೊಂದನ್ನು ಹೊರತಂದನು. ಅಭಿಪ್ರಾಯಕ್ಕಾಗಿ ಮನುಷ್ಯನನ್ನು ಕೊಂದರೆ ಕೊಲೆಯಾಯಿತೇ ಹೊರತು ಸಿದ್ಧಾಂತದ ರಕ್ಷಣೆಯಾಗಲಿಲ್ಲವೆಂಬುದು ಅವನ ನಿಲುವು. ಮುಂದೆ ಅದೇ ಊರಿನ ಹೆಸರನ್ನು ಹೊತ್ತ ಮಿಷನ್ನು 1834ರಲ್ಲಿ ಮಂಗಳೂರಿಗೆ ಬಂದಿತು. ಅಮೆರಿಕದಲ್ಲಿ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಯು 1635ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನಿಂದ ಗಡೀಪಾರಿಗೆ ಗುರಿಯಾಗಿ, 1636ರಲ್ಲಿ ಪ್ರಾವಿಡೆನ್ಸ್ ಎಂಬ ಹೊಸ ನೆಲೆಯನ್ನು ಸ್ಥಾಪಿಸಿದನು. 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಯೆಹೂದ್ಯರು, ಮುಸಲ್ಮಾನರು, ಯಾವ ಕ್ರೈಸ್ತತತ್ತ್ವವನ್ನೂ ಒಪ್ಪದವರು, ಎಲ್ಲರಿಗೂ ಅವರವರ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇರಬೇಕೆಂದು ವಾದಿಸಿದನು. ರೋಮ್ ಕಥೋಲಿಕ ಸಭೆಯು ಈ ನಿಲುವಿಗೆ ಬರಲು ಇನ್ನೂ ಮೂರು ಶತಮಾನ ಹಿಡಿಯಿತು. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸ್ವಾತಂತ್ರ್ಯದ ಘೋಷಣೆಯನ್ನು 2,308 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಂದ ಮತಗಳು 70.

ಇವರ ವಾದಗಳಲ್ಲಿ ಜೈನರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಎಲ್ಲ ಮತಗಳೂ ಒಂದೇ, ಆದುದರಿಂದ ಜಗಳ ಬೇಡ ಎಂದು ಇವರು ಹೇಳಲಿಲ್ಲ. ರೋಜರ್ ವಿಲಿಯಮ್ಸನು ಪರಮತಗಳು ತಪ್ಪೆಂದೇ ನಂಬಿದ್ದನು. 1965ರ ಘೋಷಣೆಯೂ ತನ್ನ ಮತವೇ ಸತ್ಯವೆಂಬ ನಂಬಿಕೆಯನ್ನು ಕೈಬಿಡಲಿಲ್ಲ. ನಂಬಿಕೆಯು ಮನುಷ್ಯನು ದೇವರಿಗೆ ಕೊಡುವ ಉತ್ತರ, ಆ ಉತ್ತರವನ್ನು ಬೇರೊಬ್ಬರು ಅವನ ಬಾಯಿಂದ ಹೊರಡಿಸಿದರೆ ಅದು ಅವನ ಉತ್ತರವಾಗುವುದಿಲ್ಲ ಎಂಬುದು ಅವರ ಆಧಾರ. ಹೀಗೆ ತನ್ನ ಶ್ರದ್ಧೆಯಲ್ಲಿ ದೃಢನಾಗಿದ್ದುಕೊಂಡೇ ಪರರ ಸ್ವಾತಂತ್ರ್ಯವನ್ನು ರಕ್ಷಿಸುವುದು ಸಾಧ್ಯವೆಂಬುದನ್ನು ಅವರು ತೋರಿಸಿಕೊಟ್ಟರು. ಉದಾಸೀನನಿಗೆ ಸಹನೆ ಸುಲಭ. ಶ್ರದ್ಧಾವಂತನ ಸಹನೆಗೆ ಬೆಲೆಯುಂಟು.

ಸಮ್ಯಕ್ತ್ವದ ಪ್ರಶ್ನೆ

ಜೈನದರ್ಶನದಲ್ಲಿ ಸೃಷ್ಟಿಕರ್ತನಾದ ದೇವರಿಲ್ಲ. ಆದುದರಿಂದ ಕ್ರೈಸ್ತರ ಆಧಾರವನ್ನು ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲ. ಆದರೆ ಬೇರೆ ಮೆಟ್ಟಿಲುಗಳನ್ನು ಹತ್ತಿ ಅದೇ ಎತ್ತರವನ್ನು ಮುಟ್ಟುವ ದಾರಿಯೊಂದಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಸಮ್ಯಗ್ದರ್ಶನವು ಎರಡು ಬಗೆಯಿಂದ ಉಂಟಾಗುತ್ತದೆ: ನಿಸರ್ಗದಿಂದ, ಎಂದರೆ ತಾನಾಗಿಯೇ, ಅಧಿಗಮದಿಂದ, ಎಂದರೆ ಪರೋಪದೇಶದ ಮೂಲಕ. ಮೂರನೆಯ ದಾರಿಯನ್ನು ಉಮಾಸ್ವಾತಿ ಆಚಾರ್ಯರು ಹೇಳಲಿಲ್ಲ. ಅಧಿಗಮವನ್ನು ಒಪ್ಪಿದುದರಿಂದ ಉಪದೇಶಕ್ಕೆ ಅವಕಾಶವುಂಟು. ಬಲಾತ್ಕಾರಕ್ಕೂ ಆಮಿಷಕ್ಕೂ ಅವಕಾಶವಿಲ್ಲ. ಒಬ್ಬನ ಕರ್ಮಬಂಧವನ್ನಾಗಲಿ ನಿರ್ಜರೆಯನ್ನಾಗಲಿ ಇನ್ನೊಬ್ಬನು ಮಾಡಿಕೊಡಲಾರನು ಎನ್ನುವ ಸಿದ್ಧಾಂತದಲ್ಲಿ, ಇನ್ನೊಬ್ಬನ ಶ್ರದ್ಧೆಯನ್ನು ಬಲದಿಂದ ತಿದ್ದುವ ಯತ್ನವು ಹಿಂಸೆಯೂ ಹೌದು, ವ್ಯರ್ಥವೂ ಹೌದು.

ಇಲ್ಲೊಂದು ಗಂಭೀರವಾದ ಆಕ್ಷೇಪ ಬರುತ್ತದೆ. ಸಮ್ಯಗ್ದೃಷ್ಟಿಯ ಐದು ಅತಿಚಾರಗಳಲ್ಲಿ ಅನ್ಯದೃಷ್ಟಿಪ್ರಶಂಸೆ ಮತ್ತು ಅನ್ಯದೃಷ್ಟಿಸಂಸ್ತವಗಳು ಸೇರಿವೆ. ಮಿಥ್ಯಾದೃಷ್ಟಿಯನ್ನು ಮನಸ್ಸಿನಲ್ಲಿ ಮೆಚ್ಚುವುದೂ ಬಾಯಲ್ಲಿ ಹೊಗಳುವುದೂ ದೋಷ. ಹಾಗಿರುವಾಗ ಅನ್ಯಮತದ ಪ್ರಾರ್ಥನೆಗೆ ಜಾಗ ಕೊಡುವುದು ಅದೇ ದೋಷದ ಇನ್ನೊಂದು ರೂಪವಲ್ಲವೆ? ಈ ಆಕ್ಷೇಪವನ್ನು ಎತ್ತುವವರು ಸಂಕುಚಿತರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಕಾಳಜಿ ಸಾಧುವಾದುದೇ. ಅನೇಕಾಂತವೆಂದರೆ ಯಾರು ಏನು ಹೇಳಿದರೂ ಸರಿ ಎನ್ನುವುದೆಂದು ತಿಳಿದು, ಭಾಷಣಗಳಲ್ಲಿ ಎಲ್ಲವನ್ನೂ ಕಲಸಿಬಿಡುವ ರೂಢಿಗಿಂತ ಅವರ ಎಚ್ಚರವೇ ಮೇಲು. ಅನೇಕಾಂತವು ಒಂದೊಂದು ನಯದ ಮಿತಿಯನ್ನು ತೋರಿಸುವ ವಿದ್ಯೆಯೇ ಹೊರತು ಮಿತಿಗಳನ್ನೇ ಅಳಿಸುವ ಯುಕ್ತಿಯಲ್ಲ.

ಆದರೆ ಪ್ರಶಂಸೆ ಬೇರೆ, ರಕ್ಷಣೆ ಬೇರೆ. ಸಾಲಗಾರನ ಲೆಕ್ಕವು ತಪ್ಪೆಂದು ತಿಳಿದಿದ್ದರೂ ಅವನ ಖಾತೆಪುಸ್ತಕವನ್ನು ಸುಡಲು ಬಂದವರನ್ನು ತಡೆಯುವ ವರ್ತಕನು ಆ ಲೆಕ್ಕವನ್ನು ಒಪ್ಪಿದಂತಾಗುವುದಿಲ್ಲ. ತಪ್ಪನ್ನು ತಪ್ಪೆಂದು ತೋರಿಸುವ ದಾರಿ ಲೆಕ್ಕದ ದಾರಿ, ಬೆಂಕಿಯ ದಾರಿಯಲ್ಲ. ಅನ್ಯಮತದವನ ಪ್ರಾರ್ಥನಾ ಸ್ವಾತಂತ್ರ್ಯವನ್ನು ಕಾಪಾಡುವ ಶ್ರಾವಕನು ಮೆಚ್ಚುವುದು ಆ ಪ್ರಾರ್ಥನೆಯ ತತ್ತ್ವವನ್ನಲ್ಲ. ಅವನು ಮನ್ನಿಸುವುದು ಪ್ರಾರ್ಥಿಸುವ ಜೀವವನ್ನು, ತನ್ನಂತೆಯೇ ಸಂಸಾರದಲ್ಲಿ ತೊಳಲುತ್ತ ದಾರಿ ಹುಡುಕುತ್ತಿರುವ ಒಂದು ಆತ್ಮವನ್ನು. ಹೀಗೆ ತನ್ನ ಮತದ ದಾರ್ಢ್ಯವನ್ನೂ ಪರರ ಹಕ್ಕನ್ನೂ ಒಟ್ಟಿಗೆ ಹಿಡಿದುಕೊಳ್ಳುವ ವಿಷಯದಲ್ಲಿ ರೋಜರ್ ವಿಲಿಯಮ್ಸನ ನಿಲುವಿಗೂ ಶ್ರಾವಕನ ನಿಲುವಿಗೂ ಹೆಚ್ಚು ಅಂತರವಿಲ್ಲ.

ನಮ್ಮ ಶಾಸನಗಳ ಸಾಕ್ಷ್ಯ

ಪರರ ಕೈಯಲ್ಲಿ ತಮ್ಮ ಧರ್ಮದ ಉಳಿವು ಸಿಕ್ಕಿಕೊಂಡ ಅನುಭವ ಜೈನರಿಗೆ ಹೊಸದಲ್ಲ. ಶಕವರ್ಷ 1290, ಎಂದರೆ ಕ್ರಿ.ಶ. 1368ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನವನ್ನು ಅರಿಯದವರಿಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಸ್ಥಳಗಳ ಭವ್ಯರು, ಎಂದರೆ ಜೈನರು, ಭಕ್ತರಾದ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ದೊರೆಗೆ ಬಿನ್ನೈಸಿದರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರ ಸಮ್ಮುಖದಲ್ಲಿ ದೊರೆಯು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಮೊದಲಿನಂತೆಯೇ ಸಲ್ಲಬೇಕೆಂದು ಗೊತ್ತಾಯಿತು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಆ ಬಳಿಕ ಇದನ್ನು ಮತ್ತೆ ಊರ್ಜಿತಗೊಳಿಸುವುದಕ್ಕೆ ಶ್ರಮಿಸಿದವನು ಕಲ್ಲೆಹದ ಬುಸುವಿಸೆಟ್ಟಿ. ಉಭಯ ಸಮಯದವರೂ ಸೇರಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ವರ್ತಕರಾದ ಓದುಗರು ಈ ಸೆಟ್ಟಿಯ ಹೆಸರನ್ನು ನೆನಪಿನಲ್ಲಿಡಬೇಕು.

ಹಳೇಬೀಡಿನ 1638ರ ಶಾಸನವು ಅಷ್ಟು ಪ್ರಸಿದ್ಧವಲ್ಲ. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬುವನು ಲಿಂಗಮುದ್ರೆಯನ್ನು ಹಾಕಿಸಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ವ್ಯಾಜ್ಯವು ದೊಡ್ಡದಾಗುವುದರೊಳಗೆ ಬೇಲೂರು ಸಂಸ್ಥಾನದ ವೀರಶೈವ ಪ್ರಮುಖರೂ ಜೈನ ಪ್ರಮುಖರೂ ಕುಳಿತು ರಾಜಿಯಾದರು. ಜೈನರು ಮೊದಲು ವಿಭೂತಿ ವೀಳ್ಯಗಳ ಉಪಚಾರವನ್ನು ನಡೆಸಿ, ಆಮೇಲೆ ತಮ್ಮ ಪೂರ್ವಪದ್ಧತಿಯಂತೆ ಪೂಜೆ ಮಾಡಿಕೊಳ್ಳಬಹುದೆಂದು ತೀರ್ಮಾನವಾಯಿತು. ಜಿನಧರ್ಮಕ್ಕೆ ವಿರೋಧ ಮಾಡಿದವನು ಶಿವನಿಗೂ ಜಂಗಮರಿಗೂ ದ್ರೋಹಿಯೆಂದು ವೀರಶೈವ ಪ್ರಮುಖರೇ ಬರೆಯಿಸಿದರು.

ಈ ಎರಡು ಶಾಸನಗಳೂ ಕನ್ನಡನಾಡಿನ ಹಿರಿಮೆ. ಆದರೂ ಅವುಗಳನ್ನು ಎಚ್ಚರದಿಂದ ಓದಬೇಕು. 1368ರಲ್ಲಿ ರಕ್ಷಣೆಗಾಗಿ ಮನೆಗೊಂದು ಹಣ ತೆತ್ತವರು ಜೈನರೇ. 1638ರಲ್ಲಿ ತಮ್ಮದೇ ಬಸದಿಯಲ್ಲಿ ಅನ್ಯರ ಉಪಚಾರವನ್ನು ಮೊದಲು ನಡೆಸಿ ನಂತರ ಜಿನಪೂಜೆಗೆ ಹೋಗಬೇಕಾಗಿ ಬಂದವರೂ ಜೈನರೇ. ಶಾಂತಿ ಸಿಕ್ಕಿತು ನಿಜ. ಅದು ದೊರೆಯ ದಯೆಯಿಂದ, ಪ್ರಬಲರ ಸೌಜನ್ಯದಿಂದ ಸಿಕ್ಕಿದ ಶಾಂತಿ. ದಯೆಯು ಹಿಂದೆಗೆದುಕೊಳ್ಳಬಹುದಾದ ವಸ್ತು. ಹಕ್ಕು ಹಾಗಲ್ಲ. ಸಂವಿಧಾನವು ಬಂದ ಮೇಲೆ ಆಗಿರುವ ದೊಡ್ಡ ವ್ಯತ್ಯಾಸವು ಇದೇ.

ಒಂದೇ ಛತ್ರದ ನೆರಳು

ಸಂವಿಧಾನದ 25ನೇ ವಿಧಿಯು ಎಲ್ಲ ವ್ಯಕ್ತಿಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯು ಇದಕ್ಕುಂಟು. ಪ್ರಸಾರವೆಂಬ ಮಾತು ಇರಬೇಕೆಂಬುದು ಕ್ರೈಸ್ತ ಪ್ರತಿನಿಧಿಗಳ ಮುಖ್ಯವಾದ ಕೋರಿಕೆಯಾಗಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದಕ್ಕೆ ವಿರೋಧ ಬಂದಾಗ, ಕ್ರೈಸ್ತರಲ್ಲದ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದವರೇ ಅದನ್ನು ಸಮರ್ಥಿಸಿದರು.

ಈ ಮಾತಿನಿಂದ ಜೈನರಿಗೇನು ಪ್ರಯೋಜನ ಎಂದು ಕೇಳುವವರುಂಟು. ಬಸದಿಗಳ ವಿಶ್ವಸ್ತ ಮಂಡಳಿಗಳವರಾದರೂ ತಿಳಿದಿರಬೇಕಾದ ಸಂಗತಿಯೆಂದರೆ, ಈ ವಿಧಿಯ ವಿಶಾಲವಾದ ವ್ಯಾಖ್ಯಾನವು ಬಂದದ್ದು ಒಂದು ಜೈನ ದೇವಾಲಯದ ಮೊಕದ್ದಮೆಯಲ್ಲಿ. 1950ರ ಬೊಂಬಾಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನು ಪ್ರಶ್ನಿಸಿ ಶ್ವೇತಾಂಬರ ದೇವಾಲಯವೊಂದರ ವ್ಯವಸ್ಥಾಪಕರಾದ ರತಿಲಾಲ್ ಪಾನಾಚಂದ್ ಗಾಂಧಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಧಾರ್ಮಿಕ ಉದ್ದೇಶಕ್ಕೆ ಮೀಸಲಾದ ದ್ರವ್ಯವನ್ನು ಅನ್ಯಕಾರ್ಯಗಳಿಗೆ ತಿರುಗಿಸುವ ಅಧಿಕಾರವು ಧರ್ಮಸ್ವಾತಂತ್ರ್ಯಕ್ಕೆ ಭಂಗ ತರುವುದೆಂದು 1954ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ, ನಂಬಿಕೆಯಷ್ಟೇ ಅಲ್ಲದೆ ಆಚರಣೆಯೂ, ಪರರ ತಿಳಿವಿಗಾಗಿ ತನ್ನ ಧಾರ್ಮಿಕ ವಿಚಾರಗಳನ್ನು ಸಾರುವುದೂ ಮೂಲಭೂತ ಹಕ್ಕುಗಳೆಂದು ವಿವರಿಸಿತು. ಅದೇ ವರ್ಷ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, ಜಗತ್ಕರ್ತನನ್ನು ಒಪ್ಪದ ಜೈನ ಬೌದ್ಧಧರ್ಮಗಳೂ ಧರ್ಮಗಳೇ ಎಂಬುದನ್ನು ನ್ಯಾಯಾಲಯವು ಎತ್ತಿ ಹೇಳಿತು. 1986ರಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಂತೂ ತಮ್ಮ ಆತ್ಮಸಾಕ್ಷಿಯ ಕಾರಣದಿಂದ ಹಾಡದೆ ಇದ್ದುದಕ್ಕಾಗಿ ಶಾಲೆಯಿಂದ ಹೊರಬಿದ್ದ ಕೇರಳದ ಮೂವರು ಕ್ರೈಸ್ತ ಮಕ್ಕಳನ್ನು ಸರ್ವೋಚ್ಚ ನ್ಯಾಯಾಲಯವು ಕಾಪಾಡಿದ್ದೂ ಇದೇ ವಿಧಿಯ ಬಲದಿಂದ. ಜೈನರಿಗಾಗಿ ತೆರೆದ ಛತ್ರದ ನೆರಳು ಕ್ರೈಸ್ತನ ಮೇಲೂ ಬೀಳುತ್ತದೆ. ಕ್ರೈಸ್ತನಿಗಾಗಿ ತೆರೆದದ್ದರ ನೆರಳು ಜೈನನ ಮೇಲೂ ಬೀಳುತ್ತದೆ.

ಛತ್ರವು ಹರಿದರೆ ಏನಾಗುವುದೆಂಬುದನ್ನು 2015 ತೋರಿಸಿತು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನ ವ್ರತವು ಜೈನಧರ್ಮದ ಅವಶ್ಯಕ ಆಚರಣೆಯಲ್ಲವೆಂದೂ, ಅದನ್ನು ಆತ್ಮಹತ್ಯೆಯಂತೆ ಪರಿಗಣಿಸಬೇಕೆಂದೂ ತೀರ್ಪಿತ್ತಿತು. ದೇಶದ ಅನೇಕ ಊರುಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಾಗಲೇ ಸಮಾಜಕ್ಕೆ ಉಸಿರು ಬಂದದ್ದು. ಆ ಮೂರು ವಾರಗಳಲ್ಲಿ ಸಲ್ಲೇಖನದ ಮರ್ಮವನ್ನರಿಯದ ಎಷ್ಟೋ ಮಂದಿ ಅದನ್ನು ಕಂಡು ಹೌಹಾರಿದರು. ಶ್ರದ್ಧಾವಂತನಿಗೆ ಪವಿತ್ರವಾದುದು ಹೊರಗಿನವನಿಗೆ ವಿಪರೀತವಾಗಿ ತೋರುವುದು ಸಹಜ. ದಿಗಂಬರ ಮುನಿಗಳು ಹೆದ್ದಾರಿಯಲ್ಲಿ ವಿಹಾರ ಮಾಡುವಾಗ, ನೈತಿಕತೆಯೆಂಬ ಒಂದು ಮಾತನ್ನು ಹಿಡಿದು ಯಾರಾದರೂ ತಡೆಯಲು ಬಂದರೆ, ಶ್ರಾವಕನು ಓಡಿಹೋಗುವುದು ಇದೇ 25ನೇ ವಿಧಿಯ ಆಶ್ರಯಕ್ಕೆ. ತನಗೆ ವಿಪರೀತವಾಗಿ ಕಂಡ ಪ್ರಾರ್ಥನೆಯನ್ನು ನಿಲ್ಲಿಸಲು ಇಂದು ರುಜು ಹಾಕಿದವನು ನಾಳೆ ಯಾವ ಮುಖದಿಂದ ಆ ಆಶ್ರಯವನ್ನು ಕೇಳುವನು?

ಆಮಿಷದ ವಿಚಾರ

ಇಷ್ಟಾದರೂ ಒಂದು ಆತಂಕ ಉಳಿಯುತ್ತದೆ. ಅಕ್ಕಿ, ಔಷಧಿ, ಶಾಲೆಯ ಶುಲ್ಕಗಳ ಆಸೆ ತೋರಿಸಿ ಬಡವರ ಮತವನ್ನು ಬದಲಿಸುವುದು ಸ್ವಾತಂತ್ರ್ಯವೆ? ಖಂಡಿತವಾಗಿಯೂ ಅಲ್ಲ. 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಧರ್ಮದ ತತ್ತ್ವಗಳನ್ನು ಸಾರುವ ಹಕ್ಕು ಇದೆಯೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಇಲ್ಲವೆಂದು ಹೇಳಿ, ಬಲಾತ್ಕಾರ, ವಂಚನೆ, ಆಮಿಷಗಳನ್ನು ನಿಷೇಧಿಸುವ ಕಾನೂನುಗಳನ್ನು ಎತ್ತಿಹಿಡಿಯಿತು. 1965ರ ವ್ಯಾಟಿಕನ್ ಘೋಷಣೆಯೂ, ಬಡವರ ಮತ್ತು ಅರಿಯದವರ ನಡುವೆ ಅಯೋಗ್ಯ ರೀತಿಯ ಪ್ರಚಾರ ಮಾಡುವುದು ಪರರ ಹಕ್ಕಿಗೆ ಭಂಗವೆಂದು ಸ್ಪಷ್ಟಪಡಿಸಿದೆ.

ವರ್ತಕನಿಗೆ ಇದನ್ನು ತಿಳಿಯಲು 1872ರ ಕರಾರು ಕಾಯಿದೆಯೇ ಸಾಕು. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪುಗ್ರಹಿಕೆ ಇವುಗಳಿಂದ ಉಂಟಾದ ಸಮ್ಮತಿಯು ಮುಕ್ತ ಸಮ್ಮತಿಯಲ್ಲವೆಂದು ಅದರ 14ನೇ ಪ್ರಕರಣ ಹೇಳುತ್ತದೆ. ಶ್ರದ್ಧೆಗೂ ಈ ಪರೀಕ್ಷೆ ಸಲ್ಲುತ್ತದೆ. ಒಂದು ವ್ಯತ್ಯಾಸವಿದೆ: ಸಾಮಾನ್ಯವಾಗಿ ವ್ಯಾಪಾರದಲ್ಲಿ ಪ್ರತಿಫಲವಿಲ್ಲದ ಕರಾರು ಊರ್ಜಿತವಲ್ಲ, ಧರ್ಮದಲ್ಲಿ ಪ್ರತಿಫಲವಿರುವ ಸ್ವೀಕಾರವು ಊರ್ಜಿತವಲ್ಲ. ಸಮ್ಯಗ್ದರ್ಶನದ ಅಂಗಗಳಲ್ಲಿ ಎರಡನೆಯದಾದ ನಿಃಕಾಂಕ್ಷಿತವು ಹೇಳುವುದೂ ಇದನ್ನೇ.

ಆದರೆ ಆಮಿಷವನ್ನು ತಡೆಯುವ ಹೆಸರಿನಲ್ಲಿ ಆತ್ಮಸಾಕ್ಷಿಯನ್ನೇ ಕಚೇರಿಯ ಮೇಜಿನ ಮೇಲೆ ಇಡುವುದಾದರೆ ಯೋಚಿಸಬೇಕಾಗುತ್ತದೆ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ನಿರ್ಬಂಧದ ಕಾನೂನು, ಮತ ಬದಲಿಸುವವನು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದೂ, ಅದರ ಮೇಲೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆಂದೂ ವಿಧಿಸಿತು. 2023ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟವು ಅದನ್ನು ಹಿಂದೆಗೆದುಕೊಳ್ಳಲು ತೀರ್ಮಾನಿಸಿತು. ಈ ಬಗೆಯ ವಿಧಿಯು ಒಂದು ದಿಕ್ಕಿಗೆ ಮಾತ್ರ ಅನ್ವಯಿಸುವುದಿಲ್ಲ. ಮುನಿಗಳ ಪ್ರವಚನವನ್ನು ಕೇಳಿ ಅಣುವ್ರತಗಳನ್ನು ಸ್ವೀಕರಿಸಿ ಜಿನಧರ್ಮಕ್ಕೆ ಬರಲಿಚ್ಛಿಸುವ ಅನ್ಯಮತೀಯನೂ ಅದೇ ಕಚೇರಿಯ ಮುಂದೆ, ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅಂತರಂಗದಲ್ಲಿ ನಡೆದ ಪರಿವರ್ತನೆಗೆ ಅಪರಿಚಿತರ ಆಕ್ಷೇಪಣೆಯು ಹೇಗೆ ಪ್ರಮಾಣವಾದೀತು?

ಶಾಸ್ತ್ರವು ಶ್ರಾವಕನಿಗೆ ಬೇರೆ ಎರಡು ಸಾಧನಗಳನ್ನು ಕೊಟ್ಟಿದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿರುವ ಎಂಟು ಅಂಗಗಳಲ್ಲಿ ಸ್ಥಿತೀಕರಣವು ಒಂದು, ಪ್ರಭಾವನೆಯು ಇನ್ನೊಂದು. ಧರ್ಮದಿಂದ ಜಾರುತ್ತಿರುವವನನ್ನು ವಾತ್ಸಲ್ಯದಿಂದ ಮತ್ತೆ ನಿಲ್ಲಿಸುವುದು ಸ್ಥಿತೀಕರಣ. ಅಜ್ಞಾನವನ್ನು ಕಳೆದು ಜಿನಶಾಸನದ ಮಹಿಮೆಯನ್ನು ಪ್ರಕಟಿಸುವುದು ಪ್ರಭಾವನೆ. ವಾರಿಷೇಣ, ವಜ್ರಕುಮಾರರ ಕಥೆಗಳು ಇವೆರಡಕ್ಕೂ ನಿದರ್ಶನವಾಗಿವೆ. ಒಬ್ಬ ಜೈನ ತರುಣನು ಧರ್ಮವನ್ನು ಬಿಟ್ಟನೆಂದು ಕೇಳಿದಾಗ ಕರೆದೊಯ್ದವರನ್ನು ದೂರುವುದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಅವನ ತಾಯಿ ಆಸ್ಪತ್ರೆಯಲ್ಲಿದ್ದಾಗ ಬಸದಿಯಿಂದ ಯಾರಾದರೂ ಹೋಗಿದ್ದರೆ? ಅವನ ಶುಲ್ಕಕ್ಕೆ ಕೊರತೆಯಾದಾಗ ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗಿದವರಲ್ಲಿ ಒಬ್ಬರಾದರೂ ವಿಚಾರಿಸಿದ್ದರೆ? ಸ್ಥಿತೀಕರಣವು ಸಮಾಜದ ಕರ್ತವ್ಯ. ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಡಲು ಬರುವುದಿಲ್ಲ. ಇನ್ನು 25ನೇ ವಿಧಿಯಲ್ಲಿರುವ ಪ್ರಸಾರವೆಂಬ ಮಾತಿಗೂ ಪ್ರಭಾವನೆಗೂ ಇರುವ ನಂಟನ್ನು ವಿವರಿಸಬೇಕಾಗಿಯೇ ಇಲ್ಲ. ಆ ಮಾತನ್ನು ಅಳಿಸಿದರೆ ಪಾದ್ರಿಯ ಬಾಯಿಯೊಂದೇ ಕಟ್ಟುವುದಿಲ್ಲ.

ಅಂಗಡಿಗೆ ಮರಳಿ

ಮನವಿಪತ್ರವು ಇನ್ನೂ ಶ್ರಾವಕನ ಗದ್ದಿಗೆಯ ಮೇಲಿದೆ. ಅವನು ಬಂದವರಿಗೆ ವಿನಯದಿಂದಲೇ ಉತ್ತರ ಕೊಡಬಹುದು. ಯಾರಾದರೂ ಆಮಿಷವೊಡ್ಡಿದ್ದರೆ, ಬೆದರಿಸಿದ್ದರೆ, ಸಾಕ್ಷ್ಯಸಹಿತವಾಗಿ ದೂರು ಕೊಡಲಿ. ಅದಕ್ಕೆ ತನ್ನ ಸಹಾಯವೂ ಉಂಟು. ಕುಳಿತು ಪ್ರಾರ್ಥನೆ ಮಾಡುವುದನ್ನೇ ತಡೆಯುವ ಅರ್ಜಿಗೆ ತನ್ನ ರುಜು ಇಲ್ಲ. ಕೊಠಡಿಯನ್ನು ಕೇಳಿದವರಿಗೆ ಅವನು ಇತರ ಬಾಡಿಗೆದಾರರಿಗೆ ಹಾಕುವ ಕರಾರುಗಳನ್ನೇ ಹಾಕಬಹುದು. ಕಟ್ಟಡದಲ್ಲಿ ಮಾಂಸದ ಅಡಿಗೆ ಕೂಡದು, ಧ್ವನಿವರ್ಧಕದಿಂದ ನೆರೆಯವರಿಗೆ ತೊಂದರೆಯಾಗಕೂಡದು, ಬಾಡಿಗೆ ತಿಂಗಳ ಐದನೆಯ ತಾರೀಖಿಗೆ ಸಲ್ಲಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎಲ್ಲರಿಗೂ ಒಂದೇ ತಕ್ಕಡಿ.

ಇದರಿಂದ ಅವನ ನಾಲ್ಕು ಗಿರಾಕಿಗಳು ಬೇರೆ ಅಂಗಡಿಗೆ ಹೋದಾರು. ಆ ನಷ್ಟವನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಧರ್ಮಕ್ಕೆ ಖರ್ಚಿಲ್ಲವೆಂದು ಹೇಳುವುದು ಸುಳ್ಳಾದೀತು. ಕಲ್ಲೆಹದ ಬುಸುವಿಸೆಟ್ಟಿಯು ದೊರೆಯ ಬಾಗಿಲಿಗೆ ಅಲೆದಾಗಲೂ ಅವನ ಅಂಗಡಿಯ ಕೆಲಸ ನಿಂತಿರಬೇಕು. ಅವನು ಅಲೆದದ್ದು ತನ್ನವರ ಸ್ವಾತಂತ್ರ್ಯಕ್ಕಾಗಿ. ಇಂದಿನ ಶ್ರಾವಕನು ಕಳೆದುಕೊಳ್ಳುವುದು ಪರರ ಸ್ವಾತಂತ್ರ್ಯಕ್ಕಾಗಿ. ಸ್ವಾತಂತ್ರ್ಯವು ಒಂದೇ ಆಗಿರುವುದರಿಂದ ಇವೆರಡನ್ನೂ ಒಂದೇ ಖಾತೆಯಲ್ಲಿ ಬರೆಯಬಹುದು.

ಸಂಜೆ ಅಂಗಡಿಯ ಬಾಗಿಲು ಹಾಕಿ ಸಾಮಾಯಿಕಕ್ಕೆ ಕುಳಿತಾಗ, ಸಕಲ ಜೀವಿಗಳಲ್ಲಿಯೂ ಸಮಭಾವವಿರಲಿ ಎಂದು ಅವನು ನಿತ್ಯವೂ ಭಾವಿಸುತ್ತಾನೆ. ಆ ಭಾವನೆಯೊಳಗೆ ಮಹಡಿಯ ಮೇಲಿನ ಹದಿನೈದು ಇಪ್ಪತ್ತು ಜೀವಗಳನ್ನೂ ಸೇರಿಸಿಕೊಂಡರೆ ಅವನ ಸಾಮಾಯಿಕವು ಆ ದಿನದ ಮಟ್ಟಿಗೆ ಪೂರ್ಣವಾಯಿತೆನ್ನಬಹುದು.